ಹಳೆಯ ಭಾವಚಿತ್ರಗಳ ರಕ್ಷಣೆ



ಈ ಶತಮಾನೋತ್ಸವದ ಪ್ರದರ್ಶನಕ್ಕಾಗಿ ಶಿವಮೊಗ್ಗ ಹಾಗೂ ಭದ್ರಾವತಿಯ ಮನೆಗಳಿಂದ ಹಳೆಯ ಭಾವಚಿತ್ರಗಳನ್ನು ಸಂಗ್ರಹಿಸುವ ಕಾರ್ಯ ನನ್ನ ಪಾಲಿಗೆ ಬಂದಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿದ ಮೇಲೆ ಕೆಲಸವನ್ನರಸಿ ಹೊರನಾಡುಗಳಿಂದಲೂ ಕುಟುಂಬಗಳು ಇಲ್ಲಿಗೆ ಬಂದವು. ಅಂತಹ ಹಿರಿಯರ ಮುಖಗಳು ಇಂದು ಟ್ರಂಕುಗಳ ತಳದಲ್ಲಿ ಮಾಸುತ್ತಿರುವುದನ್ನು ಕಂಡು ಮನಸ್ಸು ನೊಂದಿತು.

ಹಳೆಯ ಕಪ್ಪು-ಬಿಳುಪು ಚಿತ್ರಗಳಲ್ಲಿ ಹೆಚ್ಚಿನವು ಕಾಗದದ ಮೇಲಿನ ಜಿಲೆಟಿನ್ ಪದರದಲ್ಲಿ ಹುದುಗಿರುವ ಬೆಳ್ಳಿಯ ಕಣಗಳಿಂದ ಆದವು. ನಮ್ಮ ಮಳೆಗಾಲದ ತೇವಕ್ಕೆ ಆ ಪದರವು ಮೆತ್ತಗಾಗಿ ಚೌಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ನನ್ನ ತಂದೆತಾಯಿಯ ಮದುವೆಯ ಚಿತ್ರವು ಹೀಗೆ ಅಂಟಿದ್ದಾಗ ಅವಸರದಿಂದ ಎಳೆದೆನು. ತಾಯಿಯ ಮುಖವು ಗಾಜಿನ ಮೇಲೆಯೇ ಉಳಿಯಿತು. ಅಂತಹ ಚಿತ್ರವನ್ನು ಗಾಜಿನ ಸಮೇತ ಪ್ರತಿ ತೆಗೆಸಿ, ಬಿಡಿಸುವ ಕೆಲಸವನ್ನು ಬಲ್ಲವರಿಗೆ ಬಿಡಬೇಕೆಂಬುದನ್ನು ಆಮೇಲೆ ಕಲಿತೆನು.

ಚಿತ್ರಗಳನ್ನು ಶುಭ್ರವಾದ ಒಣ ಕೈಗಳಿಂದ ಅಂಚಿನಲ್ಲಿ ಹಿಡಿಯಿರಿ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡಿರಿ. ಹರಿದುದನ್ನು ಅಂಟುಪಟ್ಟಿಯಿಂದ ಜೋಡಿಸದಿರಿ, ಲ್ಯಾಮಿನೇಷನ್ ಮಾಡಿಸದಿರಿ. ಬಣ್ಣದ ಚಿತ್ರಗಳು ರಾಸಾಯನಿಕ ವರ್ಣಗಳಿಂದ ಆದುದರಿಂದ ಬೆಳಕಿಗೆ ಬೇಗನೆ ಮಾಸುತ್ತವೆ. ಶಿವಮೊಗ್ಗ ಧರ್ಮಕ್ಷೇತ್ರವು ಸ್ಥಾಪನೆಯಾದ 1988ರ ಕಾಲದ ಬಣ್ಣದ ಚಿತ್ರಗಳಿಗೂ ಇಂದೇ ಪ್ರತಿ ತೆಗೆಸುವುದು ಅಗತ್ಯ.

ಹಳೆಯ ನೆಗೆಟಿವುಗಳನ್ನೂ ಎಸೆಯಬೇಡಿ. 1898ರಲ್ಲಿ ಟ್ಯೂರಿನ್ ನಗರದ ಪವಿತ್ರ ವಸ್ತ್ರವನ್ನು ಸೆಕೆಂಡೊ ಪಿಯಾ ಎಂಬವರು ಛಾಯಾಚಿತ್ರ ತೆಗೆದಾಗ, ಬರಿಗಣ್ಣಿಗೆ ಅಸ್ಪಷ್ಟವಾಗಿದ್ದ ಮುಖವು ಗಾಜಿನ ನೆಗೆಟಿವಿನಲ್ಲಿಯೇ ಸ್ಪಷ್ಟವಾಗಿ ಕಂಡಿತು.

ಇನ್ನು ಜೀರ್ಣೋದ್ಧಾರದ ಮಾತು. ಮೂಲಚಿತ್ರವನ್ನು ಮುಟ್ಟದೆ, ಸ್ಕ್ಯಾನರಿನಿಂದ ತೆಗೆದ ಪ್ರತಿಯ ಮೇಲೆಯೇ ಕಂಪ್ಯೂಟರಿನಲ್ಲಿ ಗೀರುಗಳನ್ನೂ ಕಲೆಗಳನ್ನೂ ಅಳಿಸಬೇಕು. ಆದರೆ ಅಳಿದುಹೋದ ಕಣ್ಣು ಬಾಯಿಗಳನ್ನು ಊಹೆಯಿಂದ ತುಂಬಿಸುವುದು ತರವಲ್ಲ. ಆಗ ಸಿದ್ಧವಾಗುವ ಸುಂದರ ಮುಖವು ನಮ್ಮ ಅಜ್ಜನದಲ್ಲ. ನನ್ನ ತಾಯಿಯ ಮುಖವಿದ್ದ ಜಾಗವನ್ನು ನಾನು ಹಾಗೆಯೇ ಬಿಟ್ಟಿದ್ದೇನೆ.

ಕೊನೆಯದಾಗಿ ಒಂದು ಪ್ರಾರ್ಥನೆ. ನಮಗೆ ದೊರೆತ ಒಂದು ಚಿತ್ರದಲ್ಲಿ ದೇವಾಲಯದ ಮುಂದೆ ಹನ್ನೊಂದು ಮಂದಿ ನಿಂತಿದ್ದಾರೆ. ಚಿತ್ರವು ಕೆಟ್ಟಿಲ್ಲ, ಆದರೆ ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲ. ವೃದ್ಧೆಯೊಬ್ಬರು ಮೂವರನ್ನು ಗುರುತಿಸಿದರು. ಉಳಿದ ಎಂಟು ಮಂದಿ ಯಾರೆಂದು ಹೇಳುವವರು ಸಿಗಲಿಲ್ಲ. ನವೆಂಬರ್ 2ರಂದು ಸಮಾಧಿಭೂಮಿಯಲ್ಲಿ ನಾವು ಮೃತರ ಹೆಸರು ಹಿಡಿದು ಪ್ರಾರ್ಥಿಸುತ್ತೇವಲ್ಲವೇ? ಈ ಎಂಟು ಮಂದಿಯನ್ನು ಏನೆಂದು ಕರೆಯೋಣ?

ಆದುದರಿಂದ ಈ ವಾರವೇ ಮನೆಯ ಹಿರಿಯರ ಬಳಿ ಚಿತ್ರಗಳೊಡನೆ ಕುಳಿತುಕೊಳ್ಳಿರಿ. ಹೆಸರು, ಊರು, ವರ್ಷಗಳನ್ನು ಕೇಳಿ, ಹಿಂಬದಿಯ ಅಂಚಿನಲ್ಲಿ ಮೃದುವಾದ ಸೀಸದಕಡ್ಡಿಯಿಂದ ಒತ್ತದೆ ಬರೆಯಿರಿ. ಒಂದು ಪ್ರತಿಯನ್ನು ಗುರುಮನೆಗೂ ಕೊಡಿರಿ. ಮಾಸಿದ ಚಿತ್ರಕ್ಕೆ ಇಂದು ಉಪಾಯಗಳುಂಟು. ಹೇಳುವವರು ತೀರಿಹೋದ ಮೇಲೆ ಹೆಸರನ್ನು ಹೇಳಿಕೊಡುವ ಯಂತ್ರವಿಲ್ಲ.