ನೆಲದ ಲೆಕ್ಕ ಬಲ್ಲ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಶಾಲಾ ಮುಖ್ಯೋಪಾಧ್ಯಾಯಿನಿ ಮಾಡಿದ ಭಾಷಣದ ಪಠ್ಯ)



ನೂರು ವರ್ಷ ತುಂಬಿದ ಶಾಲೆಯೊಂದು ತಾನು ನಡೆದು ಬಂದ ದಾರಿಯನ್ನು ನೆನೆಯುವುದು ಎಷ್ಟು ಸಹಜವೋ, ತನ್ನ ಮಕ್ಕಳು ನಡೆಯಬೇಕಾದ ದಾರಿಯನ್ನು ಚಿಂತಿಸುವುದೂ ಅಷ್ಟೇ ಅಗತ್ಯ. ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ಹೆತ್ತವರು ಅಧ್ಯಾಪಕರಾದ ನಮ್ಮಲ್ಲಿ ವಿಚಾರಿಸುವ ವಿದ್ಯೆಗಳ ಪಟ್ಟಿ ಬಹಳ ದೊಡ್ಡದೇನಲ್ಲ. ವೈದ್ಯಕೀಯ, ಇಂಜಿನಿಯರಿಂಗ್, ನರ್ಸಿಂಗ್, ವಾಣಿಜ್ಯ, ಅಧ್ಯಾಪನ ಇವಿಷ್ಟರಲ್ಲಿ ಅದು ಮುಗಿಯುತ್ತದೆ. ಆ ಪಟ್ಟಿಯಲ್ಲಿ ಅಪರೂಪವಾಗಿಯೂ ಕಾಣದ ಒಂದು ವಿದ್ಯೆಯನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ. ಭೂಮಿಯನ್ನು ಅಳೆಯುವುದು, ಅದರ ಹಕ್ಕನ್ನು ಅರಿಯುವುದು, ಅದಕ್ಕೆ ನ್ಯಾಯವಾದ ಬೆಲೆ ಕಟ್ಟುವುದು, ಅದರ ಮೇಲೆ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂದು ನಿರ್ಣಯಿಸುವುದು - ಇವೆಲ್ಲವನ್ನೂ ಒಳಗೊಂಡ ವಿದ್ಯೆ ಅದು.

ಎಣ್ಮಕಜೆಯ ಹೆಚ್ಚಿನ ಮನೆಗಳಿಗೆ ಸಂಪತ್ತೆಂದರೆ ನೆಲವೇ. ಅಡಿಕೆ ತೋಟ, ಗೇರು ಗುಡ್ಡೆ, ಮನೆಯಡಿಯ ಹತ್ತು ಸೆಂಟ್ಸು ಇವೇ ಮಕ್ಕಳ ಓದಿಗೆ ಅಡವು, ಮದುವೆಗೆ ಆಧಾರ, ಮುಪ್ಪಿಗೆ ಧೈರ್ಯ. ಆದರೆ ಈ ನೆಲದ ಅಳತೆ, ಕಾಗದಪತ್ರ, ಬೆಲೆ ಈ ಮೂರನ್ನೂ ನಾವು ಬೇರೆಯವರ ಕೈಗೆ ಒಪ್ಪಿಸಿ ಕುಳಿತಿದ್ದೇವೆ. ನೆಲದಲ್ಲಿ ಬೆವರು ಸುರಿಸಬಲ್ಲವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅದರ ಲೆಕ್ಕ ಬಲ್ಲವರು ಬೆರಳೆಣಿಕೆಯಷ್ಟು.

ನಮ್ಮ ಶಾಲೆ ಆರಂಭವಾದಾಗ ಈ ಊರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ವರ್ಗ, ಕುಮ್ಕಿ, ಅಡಂಗಲ್ ಮುಂತಾದ ಪದಗಳು ಅಂದಿನ ಮನೆಮಾತು. ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವಿಗೆ ರೈತನಿಗಿದ್ದ ಸವಲತ್ತೇ ಕುಮ್ಕಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಭೂಸುಧಾರಣೆಯ ಫಲವಾಗಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡು ಉಳುವವನು ಒಡೆಯನಾದನು. ಅಂದರೆ ಒಂದೇ ತೋಟದ ಕಾಗದಗಳಲ್ಲಿ ಎರಡು ಆಡಳಿತಗಳ ಭಾಷೆ, ಎರಡು ಕಾಲಗಳ ಅಳತೆ, ಎರಡು ಬಗೆಯ ಹಕ್ಕು ಒಟ್ಟಿಗೆ ಕುಳಿತಿವೆ. ಇವನ್ನು ಕೂಡಿಸಿ ಓದಬಲ್ಲ ವ್ಯಕ್ತಿ ಬೇಕೆಂದಾದರೆ, ಆತ ಈ ಮಣ್ಣಿನ ಕನ್ನಡವನ್ನೂ ಬಲ್ಲವನಾಗಿರಬೇಕು.

ಒಂದು ಸಣ್ಣ ನಿದರ್ಶನ ಸಾಕು. ಕೇರಳದ ಕಂದಾಯ ದಾಖಲೆಗಳಲ್ಲಿ 'ನಿಲಂ' ಎಂದು ಬರೆದಿದ್ದರೆ ನಮ್ಮ ಕನ್ನಡದ ಕಿವಿಗೆ ಅದು 'ನೆಲ' ಎಂದೇ ಕೇಳಿಸುತ್ತದೆ. ಆದರೆ ಅಲ್ಲಿ ಅದರ ಅರ್ಥ ಭತ್ತದ ಗದ್ದೆ. 'ಪುರಯಿಡಂ' ಎಂದರೆ ಮನೆ, ತೋಟಗಳಿಗೆ ಸಲ್ಲುವ ಭೂಮಿ. ಗದ್ದೆ ಮತ್ತು ಜೌಗುಭೂಮಿಗಳ ಸಂರಕ್ಷಣೆಗಾಗಿ ಕೇರಳದಲ್ಲಿ 2008ರ ಕಾಯಿದೆಯಿದೆ. ಗದ್ದೆಯನ್ನು ಮಣ್ಣು ತುಂಬಿಸಿ ಮನೆ ಕಟ್ಟಲು ಅದು ಸುಲಭವಾಗಿ ಬಿಡುವುದಿಲ್ಲ. 'ನಿಲಂ' ಎಂಬ ಒಂದು ಪದವನ್ನು ತಪ್ಪಾಗಿ ತಿಳಿದು ಜಾಗ ಕೊಂಡವನು ಕೊಲ್ಲಿಯಲ್ಲಿ ದುಡಿದ ಹತ್ತು ವರ್ಷಗಳ ಉಳಿತಾಯವನ್ನು ಕಳೆದುಕೊಳ್ಳಬಹುದು. ಇದು ಭಾಷೆಯ ಅಭಿಮಾನದ ಮಾತಲ್ಲ, ಬದುಕಿನ ಮಾತು.

ಇನ್ನು ಅಳತೆಯ ವಿಚಾರ. ನಾವು ಬಳಸುವ ಸೆಂಟ್ಸಿನ ಹಿಂದೆ 66 ಅಡಿ ಉದ್ದದ, 100 ಕೊಂಡಿಗಳ ಸರಪಳಿಯಿದೆ. ಅಂಥ 10 ಚದರ ಸರಪಳಿ ಒಂದು ಎಕರೆ. ಅದರ ನೂರರಲ್ಲಿ ಒಂದು ಪಾಲು ಸೆಂಟು, ಎಂದರೆ 435.6 ಚದರಡಿ. ಇಂದಿನ ದಾಖಲೆಗಳಲ್ಲಿ ಕಾಣುವ 'ಆರ್' ಎಂಬುದು 100 ಚದರ ಮೀಟರು, ಸುಮಾರು 2.47 ಸೆಂಟ್ಸು. ಇವಿಷ್ಟು ನಮ್ಮ ಏಳನೆಯ ತರಗತಿಯ ಮಗು ಮಾಡಬಲ್ಲ ಲೆಕ್ಕ. ಆದರೆ ನಮ್ಮೂರಿನ ಗುಡ್ಡೆಗಳು ಇನ್ನೊಂದು ಪಾಠವನ್ನು ಕಲಿಸುತ್ತವೆ. ಇಳಿಜಾರಿನ ಮೇಲೆ ಟೇಪು ಹಾಸಿದಾಗ 100 ಮೀಟರು ಬಂದರೂ, ಇಳಿಜಾರು 20 ಡಿಗ್ರಿ ಇದ್ದರೆ ನಕ್ಷೆಯಲ್ಲಿ ಅದು ಸುಮಾರು 94 ಮೀಟರು ಮಾತ್ರ. ಏಕೆಂದರೆ ಭೂಮಾಪನವು ಸಮತಲದ ದೂರವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಗುಡ್ಡೆಯ ಮೈಯ ಉದ್ದವನ್ನಲ್ಲ. 'ಅಳೆದಾಗ ನಮ್ಮ ಜಾಗ ಕಡಿಮೆಯಾಯಿತು, ನೆರೆಯವನು ಒತ್ತಿರಬೇಕು' ಎಂಬ ಅನುಮಾನದ ಹಿಂದೆ ಕೆಲವೊಮ್ಮೆ ಇರುವುದು ಈ ಕೋನವೇ. ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನು ಚೆನ್ನಾಗಿ ಅರಿತ ಒಬ್ಬಳು ಹುಡುಗಿ ಅಂಗಳದಲ್ಲಿ ನಿಂತು ಇದನ್ನು ತುಳುವಿನಲ್ಲೋ ಕನ್ನಡದಲ್ಲೋ ಬಿಡಿಸಿ ಹೇಳಿದರೆ, ಎರಡು ಮನೆಗಳ ಮಾತು ನಿಲ್ಲುವುದು ತಪ್ಪಬಹುದು.

ಈ ಮಾತುಗಳನ್ನು ಇಂದೇ ಆಡಲು ಕಾರಣವಿದೆ. ಕೇರಳದಲ್ಲಿ 2022ರ ನವೆಂಬರ್ 1ರಂದು ಡಿಜಿಟಲ್ ಮರುಭೂಮಾಪನ ಆರಂಭವಾಯಿತು. ಮೊದಲ ಹಂತಕ್ಕೆ 200 ಗ್ರಾಮಗಳನ್ನು ಆರಿಸಲಾಯಿತು. ಉಪಗ್ರಹಗಳ ಸಂಕೇತವನ್ನು ಹಿಡಿಯುವ ಸ್ಥಿರ ಕೇಂದ್ರಗಳು, ಕೈಯಲ್ಲಿ ಹಿಡಿದು ನಡೆಯುವ ರೋವರ್ ಉಪಕರಣ, ದಟ್ಟ ಮರಗಳ ನಡುವೆ ಕೆಲಸಕ್ಕೆ ಬರುವ ರೋಬೋಟಿಕ್ ಟೋಟಲ್ ಸ್ಟೇಷನ್ - ಇವು ಸರಪಳಿಯ ಜಾಗಕ್ಕೆ ಬಂದಿವೆ. ನೋಂದಣಿ, ಕಂದಾಯ, ಭೂಮಾಪನ ಮೂರೂ ಇಲಾಖೆಗಳ ಸೇವೆಯನ್ನು ಒಂದುಗೂಡಿಸುವ 'ಎಂಡೆ ಭೂಮಿ' ವ್ಯವಸ್ಥೆ 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡಾಗ ಮೊದಲು ಅದರಡಿ ಬಂದದ್ದು ನಮ್ಮದೇ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮ. ಯಂತ್ರ ಸೆಂಟಿಮೀಟರಿನಷ್ಟು ನಿಖರವಾಗಿ ಬಿಂದುವನ್ನು ಗುರುತಿಸಬಲ್ಲದು. ಆದರೆ ಗಡಿ ಯಾವ ಮರದ ಬುಡದಲ್ಲಿದೆ, ಯಾವ ಅಗಳಿನ ಆಚೆ ಬದಿಯಲ್ಲಿದೆ ಎಂದು ತೋರಿಸಬೇಕಾದವನು ಮನುಷ್ಯನೇ. ಕರಡು ದಾಖಲೆ ಪ್ರಕಟವಾದಾಗ ಅದನ್ನು ಓದಿ, ತಪ್ಪಿದ್ದಲ್ಲಿ ಅವಧಿಯೊಳಗೆ ಆಕ್ಷೇಪ ಸಲ್ಲಿಸಬೇಕಾದವನೂ ಮನುಷ್ಯನೇ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು, ಮನೆಯಲ್ಲಿ ವೃದ್ಧರು ಮಾತ್ರ ಉಳಿದಿರುವ ಊರಿನಲ್ಲಿ ಈ ಕೆಲಸವನ್ನು ಯಾರು ಮಾಡಬೇಕು?

ಹಾಗೆಂದು ಕೇವಲ ಉದ್ದ ಅಗಲ ಬಲ್ಲವನು ನೆಲವನ್ನು ಬಲ್ಲವನಾಗುವುದಿಲ್ಲ. ನಮ್ಮ ಸುರಂಗಗಳನ್ನು ನೋಡೋಣ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ನೀರು ಪಡೆಯುವ ಈ ಜಾಣ್ಮೆಗೆ ಬಾಯಾರು, ಪಡ್ರೆ, ಎಣ್ಮಕಜೆಗಳು ಹೆಸರಾಗಿವೆ. ನಮ್ಮವರೇ ಆದ ಪತ್ರಕರ್ತ ಶ್ರೀಪಡ್ರೆಯವರು ಇವುಗಳ ಮಹತ್ವವನ್ನು ನಾಡಿಗೆ ಪರಿಚಯಿಸಿದವರು. ಸುರಂಗದ ಬಾಯಿ ಒಬ್ಬರ ತೋಟದಲ್ಲಿದ್ದರೆ ಅದರ ಒಡಲು ಇನ್ನೊಬ್ಬರ ಗುಡ್ಡೆಯ ಅಡಿಗೆ ಚಾಚಿರಬಹುದು. ನೆಲದ ಮೇಲ್ಮೈಯನ್ನು ತೋರುವ ನಕ್ಷೆಯಲ್ಲಿ ಅದು ಮೂಡುವುದಿಲ್ಲ. ಮೇಲಿನ ಗುಡ್ಡೆಯನ್ನು ಸಮತಟ್ಟು ಮಾಡಿ ಮಾರಿದರೆ ಕೆಳಗಿನ ಮನೆಯ ನೀರಿನ ಗತಿಯೇನು? ದಾರಿ, ನೀರು, ಗಾಳಿ, ಬೆಳಕುಗಳಿಗಾಗಿ ಪರರ ಭೂಮಿಯ ಮೇಲೆ ಇರುವ ಇಂಥ ಹಕ್ಕುಗಳನ್ನು 1882ರಷ್ಟು ಹಿಂದೆಯೇ ಭಾರತೀಯ ಅನುಭೋಗದ ಹಕ್ಕುಗಳ ಕಾಯಿದೆ ವಿವರಿಸಿದೆ. ಅಳತೆಯ ವಿದ್ಯೆಯ ಜತೆಗೆ ಕಾನೂನು, ಜಲ, ಮಣ್ಣು, ಅರ್ಥಶಾಸ್ತ್ರಗಳ ಅರಿವೂ ಬೇಕೆನ್ನುವುದು ಇದಕ್ಕಾಗಿಯೇ.

ಇನ್ನೊಂದು ನೋವಿನ ನೆನಪೂ ಇದನ್ನೇ ಹೇಳುತ್ತದೆ. ಎರಡು ದಶಕಗಳಿಗೂ ಹೆಚ್ಚು ಕಾಲ, 2000ದ ವರೆಗೆ, ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ತೋಟಗಳ ಗಡಿಕಲ್ಲು ಕಾಗದದಲ್ಲಿ ಸರಿಯಾಗಿಯೇ ಇತ್ತು. ವಿಷ ಆ ಗಡಿಕಲ್ಲನ್ನು ಲಕ್ಷಿಸಲಿಲ್ಲ, ತೋಡಿನ ನೀರೂ ಲಕ್ಷಿಸಲಿಲ್ಲ. ಸ್ವರ್ಗ, ಪಡ್ರೆಯ ಕಡೆಯ ತಾಯಂದಿರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಒಂದು ಜಾಗದಲ್ಲಿ ನಡೆಯುವ ಕಾರ್ಯ ಪಕ್ಕದ ಜಾಗಕ್ಕೆ, ಕೆಳಗಿನ ಬೈಲಿಗೆ, ಮುಂದಿನ ತಲೆಮಾರಿಗೆ ಏನು ಮಾಡೀತು ಎಂದು ಮೊದಲೇ ಕೇಳುವವರು ಇಲ್ಲದ ಅಭಿವೃದ್ಧಿ ಏನಾಗಬಲ್ಲದು ಎಂಬುದಕ್ಕೆ ಎಣ್ಮಕಜೆ ಲೋಕಕ್ಕೇ ಸಾಕ್ಷಿಯಾಗಿದೆ. ಆದ್ದರಿಂದ 'ಆಸ್ತಿ ಅಭಿವೃದ್ಧಿ' ಎಂದೊಡನೆ ಗುಡ್ಡೆ ಕಡಿದು ಸೈಟು ಮಾಡುವುದು ಎಂದು ನಮ್ಮ ಮಕ್ಕಳು ತಿಳಿಯಬಾರದು. ಆ ಪ್ರಶ್ನೆಯನ್ನು ಮೊದಲು ಕೇಳುವ ಜನ ಅವರಾಗಬೇಕು.

ಈ ವಿದ್ಯೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ಹೇಗಿದೆ ಎಂದು ಹೇಳಬೇಕು. ನಮ್ಮಲ್ಲಿ ಸರ್ವೇಯರ್ ಎಂದರೆ ಗಡಿ ಅಳೆಯುವವನು. ಬ್ರಿಟನ್ನಿನಲ್ಲಿ ಆ ಪದದ ಹರವು ದೊಡ್ಡದು. ಅಲ್ಲಿ 1868ರಲ್ಲಿ ಸ್ಥಾಪನೆಗೊಂಡು ಆರ್‌ಐಸಿಎಸ್ ಎಂದು ಹೆಸರಾದ ವೃತ್ತಿಸಂಸ್ಥೆ ಭೂಮಾಪನ, ಮೌಲ್ಯಮಾಪನ, ಕಟ್ಟಡ ವೆಚ್ಚದ ಲೆಕ್ಕ, ಆಸ್ತಿ ಅಭಿವೃದ್ಧಿ ಇವೆಲ್ಲವನ್ನೂ ಸರ್ವೇಯರನ ವೃತ್ತಿಯೆಂದೇ ಗಣಿಸುತ್ತದೆ. ಆಸ್ತಿ ಅಭಿವೃದ್ಧಿಯಲ್ಲಿ ಪದವಿ ಪಡೆದು, ಅನುಭವಿಗಳ ಕೈಕೆಳಗೆ ದುಡಿದು, ಪರೀಕ್ಷೆಯಲ್ಲಿ ತೇರ್ಗಡೆಯಾದವರು ಚಾರ್ಟರ್ಡ್ ಸರ್ವೇಯರ್ ಎನಿಸುತ್ತಾರೆ. ಕೊಲ್ಲಿ ನಾಡುಗಳಲ್ಲಿ ದುಡಿಯುವ ನಮ್ಮ ಹಳೆ ವಿದ್ಯಾರ್ಥಿಗಳಿಗೆ ಕ್ವಾಂಟಿಟಿ ಸರ್ವೇಯರ್ ಎಂಬ ಹುದ್ದೆ ಚಿರಪರಿಚಿತ. ಅದು ಈ ಮರದ ಒಂದು ಕೊಂಬೆ.

ನಮ್ಮ ದೇಶದಲ್ಲೂ ಈ ವಿದ್ಯೆಗೆ ಹಳೆಯ ಬೇರುಗಳಿವೆ. ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜು 1794ರಲ್ಲಿ ಆರಂಭವಾದದ್ದು ಭೂಮಾಪನ ಶಾಲೆಯಾಗಿಯೇ. ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ತೊಡಗಿದ ಮಹಾ ತ್ರಿಕೋನಮಿತಿ ಮಾಪನದ ತ್ರಿಕೋನಗಳು ಕನ್ನಡ ನಾಡನ್ನು ಹಾದು ಮಂಗಳೂರಿನ ಕರಾವಳಿಯನ್ನು ಮುಟ್ಟಿದವು. ಇಂದು ಅದೇ ಗಿಂಡಿಯಲ್ಲಿ ಜಿಯೋ ಇನ್ಫರ್ಮ್ಯಾಟಿಕ್ಸ್ ಪದವಿಯಿದೆ. ನಮಗೆ ಹತ್ತಿರದಲ್ಲಿ ಸಿವಿಲ್ ಇಂಜಿನಿಯರಿಂಗ್ ಕಲಿಯಲು ಪೊವ್ವಲ್‌ನ ಎಲ್‌ಬಿಎಸ್ ಕಾಲೇಜು, ಸುರತ್ಕಲ್ಲಿನ ಎನ್‌ಐಟಿಕೆಗಳಿವೆ. ಅನಂತರ ನಗರ ಯೋಜನೆ, ಮೌಲ್ಯಮಾಪನ, ರಿಯಲ್ ಎಸ್ಟೇಟ್ ನಿರ್ವಹಣೆಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬಹುದು. ದೀರ್ಘ ವ್ಯಾಸಂಗ ಸಾಧ್ಯವಾಗದವರಿಗೆ ಎಸ್ಸೆಸ್ಸೆಲ್ಸಿಯ ಬಳಿಕ ಐಟಿಐಗಳಲ್ಲಿ ಎರಡು ವರ್ಷದ ಸರ್ವೇಯರ್ ತರಬೇತಿಯಿದೆ. ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಇದೆ. ಡಿಪ್ಲೊಮಾ ಪಡೆದವರು ಬಿಟೆಕ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಪಡೆಯುವ ದಾರಿಯೂ ಇದೆ. ಬಡ ಮನೆಯ ಮಗು ಮೆಟ್ಟಿಲು ಮೆಟ್ಟಿಲಾಗಿ ಏರಬಹುದಾದ ವಿದ್ಯೆಯಿದು.

ಹೆತ್ತವರಲ್ಲಿ ಒಂದು ಎಚ್ಚರದ ಮಾತು. ಆಕರ್ಷಕ ಹೆಸರಿನ ದುಬಾರಿ ಕೋರ್ಸುಗಳ ಜಾಹೀರಾತಿಗೆ ಮರುಳಾಗಬಾರದು. ಆ ಪದವಿಯ ಬಲದಿಂದ ಮುಂದೆ ಯಾವ ಪರವಾನಗಿ ದೊರೆಯುತ್ತದೆ ಎಂದು ಮೊದಲು ಕೇಳಬೇಕು. ಕಂಪೆನಿ ಕಾಯಿದೆಯಡಿ 2017ರಲ್ಲಿ ಬಂದ ನಿಯಮಗಳಂತೆ ಭೂಮಿ ಮತ್ತು ಕಟ್ಟಡಗಳ ನೋಂದಾಯಿತ ಮೌಲ್ಯಮಾಪಕನಾಗಲು ನಿಗದಿತ ವಿದ್ಯಾರ್ಹತೆ, ವರ್ಷಗಳ ಅನುಭವ, ಪರೀಕ್ಷೆ ಮೂರೂ ಬೇಕು. ಸಿವಿಲ್, ವಾಸ್ತುಶಿಲ್ಪ, ನಗರ ಯೋಜನೆಯ ಪದವಿಗಳಿಗೆ ಅಲ್ಲಿ ಮನ್ನಣೆಯಿದೆ. ಹೆಸರು ಮಾತ್ರ ದೊಡ್ಡದಾದ ಎಲ್ಲ ಪದವಿಗಳಿಗೂ ಇಲ್ಲ. ಸೇರುವ ಮೊದಲು ಈ ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಲಕ್ಷ ರೂಪಾಯಿಗಳ ಸಾಲ ತಪ್ಪುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಸಾಧ್ಯವೇ ಎಂಬ ಅಳುಕು ಬೇಡ. ಮಲಯಾಳವನ್ನು ಓದಿ ಬರೆಯಲು ಕಲಿಯಲೇಬೇಕು, ಇಂಗ್ಲಿಷನ್ನೂ ಗಳಿಸಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಬೈಲು, ಮಜಲು, ಬೆಟ್ಟು, ತೋಡು, ಕಟ್ಟ ಎಂಬ ಪದಗಳನ್ನು ಕೇಳಿದೊಡನೆ ಮಣ್ಣಿನ ಗುಣ, ನೀರಿನ ಹರಿವು ಕಣ್ಣಿಗೆ ಕಟ್ಟುವುದು ಇಲ್ಲಿ ಹುಟ್ಟಿ ಕನ್ನಡದಲ್ಲಿ ಕಲಿತವರಿಗೆ. ಹಳೆಯ ಕನ್ನಡ ಕಾಗದಗಳನ್ನು ಓದಬಲ್ಲವರೂ ಅವರೇ. ಹೆಣ್ಣುಮಕ್ಕಳು ಬಿಸಿಲಲ್ಲಿ ಗುಡ್ಡೆ ಹತ್ತುವ ಕೆಲಸಕ್ಕೆ ಏಕೆ ಹೋಗಬೇಕು ಎನ್ನುವವರಿಗೆ ನಮ್ಮ ಉತ್ತರ ಸರಳ: ಸೊಪ್ಪಿಗೂ ನೀರಿಗೂ ಅದೇ ಗುಡ್ಡೆಯನ್ನು ಹತ್ತಿದವರು ಅವರ ಅಜ್ಜಿಯಂದಿರು. ಈಗ ಉಪಕರಣ ಹಿಡಿದು, ಸಂಬಳ ಪಡೆದು ಹತ್ತಲಿ.

ಶತಮಾನೋತ್ಸವದ ನೆನಪಿಗೆ ಶಾಲೆ ಕೈಗೊಳ್ಳಬಹುದಾದ ಎರಡು ಕೆಲಸಗಳನ್ನು ಸಮಿತಿಯ ಮುಂದಿಡುತ್ತೇವೆ. ಪ್ರತಿವರ್ಷ ಒಂಬತ್ತನೆಯ ತರಗತಿಯ ಮಕ್ಕಳು ಶಾಲೆಯ ಮೈದಾನ, ಬಾವಿ, ದಾರಿಗಳನ್ನು ತಾವೇ ಅಳೆದು ನಕ್ಷೆ ಬರೆಯಲಿ. ಕಂದಾಯ, ಭೂಮಾಪನ, ನಿರ್ಮಾಣ ಕ್ಷೇತ್ರಗಳಲ್ಲಿರುವ ಹಳೆ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಅವರಿಗೆ ಪಾಠ ಮಾಡಲಿ. ಹೆತ್ತವರ ಪಾಲಿಗೂ ಒಂದು ಕೆಲಸವಿದೆ. ಕಪಾಟಿನಲ್ಲಿ ಬಟ್ಟೆಗಂಟಿನೊಳಗೆ ಮಡಚಿಟ್ಟ ಆಧಾರಪತ್ರಗಳನ್ನು ಒಮ್ಮೆ ಮಕ್ಕಳ ಮುಂದೆ ಬಿಚ್ಚಿ. ಸರ್ವೆ ನಂಬ್ರ ಯಾವುದು, ನಾಲ್ಕು ಗಡಿಗಳು ಯಾವುವು, ಹೆಸರು ಯಾರದಿದೆ ಎಂದು ಜತೆಗೆ ಕುಳಿತು ಓದಿ. ಅಕ್ಕತಂಗಿಯರ ಹೆಸರಿದೆಯೇ ಎಂದೂ ನೋಡಿ.