ಪುಣೆಯ ಚಳಿಯೂ ಮೋಡದ ಹೊದಿಕೆಯೂ



ರಾಜ್ಯೋತ್ಸವದ ವೇದಿಕೆಯಲ್ಲಿ ಚಳಿಯ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನವೆಂಬರ್ ಕಾಲಿಟ್ಟಿತೆಂದರೆ ಈ ಊರಿನಲ್ಲಿ ಕೌದಿ ಕಂಬಳಿಗಳು ಪೆಟ್ಟಿಗೆಯಿಂದ ಹೊರಬೀಳುತ್ತವೆ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು, ಬಯಲಿನಲ್ಲೋ ತಗಡಿನ ಶೆಡ್ಡಿನಲ್ಲೋ ಮಲಗುವ ನಮ್ಮವರಿಗೆ ಕಂಬಳಿ ಹಂಚಬೇಕೆಂದು ನಮ್ಮ ಸಂಘದವರು ಈ ವರ್ಷ ಯೋಚಿಸಿದ್ದಾರೆ. ಒಳ್ಳೆಯ ಯೋಚನೆ. ಹಂಚುವ ಮುನ್ನ ಈ ಚಳಿ ಎಲ್ಲಿಂದ ಬರುತ್ತದೆಂಬುದನ್ನು ತುಸು ವಿಚಾರಿಸೋಣ.

ಉತ್ತರದಿಂದ ಬರುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಅದು ಸುಳ್ಳಲ್ಲ. ಪಶ್ಚಿಮದಿಂದ ಬರುವ ಗಾಳಿಯ ಸುಳಿಗಳು ಶಿಮ್ಲಾದಂಥ ಬೆಟ್ಟದೂರುಗಳಲ್ಲಿ ಹಿಮ ಸುರಿಸಿ ಮುಂದೆ ಸಾಗಿದ ಮೇಲೆ, ಅವುಗಳ ಬೆನ್ನಿಗೇ ಒಣ ಶೀತಗಾಳಿ ಹೊರಟು ಕೆಲವು ಸಲ ದಖ್ಖನಿನವರೆಗೂ ಇಳಿಯುವುದುಂಟು. 1935ರ ಜನವರಿ 17ರಂದು ಪುಣೆಯ ಉಷ್ಣತೆ 1.7 ಡಿಗ್ರಿಗೆ ಇಳಿದಿತ್ತು. ಆದರೆ ಒಂದೇ ಗಾಳಿ ಬೀಸುವ ಎರಡು ರಾತ್ರಿಗಳನ್ನು ಹೋಲಿಸಿ ನೋಡಿ. ನಕ್ಷತ್ರಗಳು ನಿಚ್ಚಳವಾಗಿ ಕಾಣುವ ರಾತ್ರಿ ಹಲ್ಲು ಕಟಕಟಿಸುತ್ತದೆ. ಮೋಡ ಕವಿದ ರಾತ್ರಿ ಒಂದು ಹೊದಿಕೆ ಸಾಕಾಗುತ್ತದೆ. ಹಗಲೆಲ್ಲ ಕಾದ ನೆಲ, ಇರುಳಿನಲ್ಲಿ ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಆಕಾಶಕ್ಕೆ ಬಿಡುತ್ತಲೇ ಇರುತ್ತದೆ. ಮೋಡವಿದ್ದರೆ ಅದು ಆ ಶಾಖವನ್ನು ಹೀರಿ, ತಾನೂ ನೆಲದತ್ತ ಶಾಖ ಸೂಸುತ್ತದೆ. ಮೋಡವಿಲ್ಲದಿದ್ದರೆ ಹೋದದ್ದು ಬಹುಪಾಲು ಹೋದಂತೆಯೇ. ನಮ್ಮ ಚಳಿಯ ದೊಡ್ಡ ಪಾಲು ಹೀಗೆ ನಮ್ಮ ಅಂಗಳದಲ್ಲೇ ಹುಟ್ಟುತ್ತದೆ.

ಇದನ್ನು ಅಳೆದು ನೋಡಿದವರು ಇದೇ ಊರಿನಲ್ಲಿದ್ದರು. ಶಿವಾಜಿನಗರದ 'ಸಿಮ್ಲಾ ಆಫೀಸ್' ಚೌಕವನ್ನು ನಾವು ದಿನವೂ ದಾಟುತ್ತೇವೆ. ಹೆಸರೇಕೆ ಹಾಗೆಂದು ಮಕ್ಕಳು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಭಾರತದ ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂತು. ಮುಂದೆ ಅದು ದಿಲ್ಲಿಗೆ ಹೋದರೂ ಹಳೆಯ ಹೆಸರು ಇಲ್ಲೇ ಉಳಿಯಿತು. ಆ ಇಲಾಖೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾದ ಎಲ್. ಎ. ರಾಮದಾಸರಿದ್ದರು. ಇರುಳಿನಲ್ಲಿ ಎಲ್ಲಕ್ಕಿಂತ ತಣ್ಣಗಿನ ಗಾಳಿ ನೆಲಕ್ಕೆ ತಾಗಿಯೇ ಇರಬೇಕೆಂಬುದು ಆಗಿನ ಶಾಸ್ತ್ರ. ರಾಮದಾಸರೂ ಆತ್ಮನಾಥನ್ನರೂ 1932ರಲ್ಲಿ ಬೇರೆಯೇ ಮಾತು ಹೇಳಿದರು: ಗಾಳಿಯಾಡದ, ಮೋಡವಿಲ್ಲದ ರಾತ್ರಿ, ಬರಿಯ ನೆಲದ ಮೇಲೆ, ಹೆಚ್ಚಿನ ಚಳಿ ಇರುವುದು ನೆಲದಿಂದ ಒಂದು ಗೇಣು, ಒಂದು ಮೊಳದಷ್ಟು ಎತ್ತರದಲ್ಲಿ! ಇದು ಅಳತೆಯ ತಪ್ಪಿರಬೇಕೆಂದು ಬಹುಕಾಲ ಅನುಮಾನಪಟ್ಟವರಿದ್ದರು. ಜರ್ಮನಿಯ ವಿಜ್ಞಾನಿಯೊಬ್ಬರು ಪುಣೆಯಲ್ಲಿಯೇ ಮತ್ತೆ ಅಳೆದು 1957ರಲ್ಲಿ ಅದನ್ನು ಸಮರ್ಥಿಸಿದರು. ಕಾರಣವನ್ನು ಬಿಡಿಸುವ ಕೆಲಸಕ್ಕೆ ಕೈಹಾಕಿದವರು ನಮ್ಮ ಬೆಂಗಳೂರಿನ ರೊದ್ದಂ ನರಸಿಂಹರೂ ಅವರ ಸಂಗಡಿಗರೂ. ಅವರ ಸಿದ್ಧಾಂತ ಹೊರಬಂದದ್ದು 1993ರಲ್ಲಿ. ನೆಲದ ಸಮೀಪ ತೇಲುವ ಸೂಕ್ಷ್ಮ ಧೂಳೇ ಶಾಖವನ್ನು ಸೂಸಿ ಆ ಪದರವನ್ನು ತಂಪುಗೊಳಿಸುತ್ತದೆಂದು ಬೆಂಗಳೂರಿನಲ್ಲಿಯೇ ಆಮೇಲೆ ನಡೆದ ಕೆಲಸ ಹೇಳುತ್ತದೆ. ಹಾಗಾದರೆ ಮಂಚ ಬಿಟ್ಟು ನೆಲದ ಮೇಲೆ ಮಲಗುವುದೇ ಮೇಲೆಂದು ಯಾರೂ ತಿಳಿಯಬಾರದು. ಮೈ ತಾಗಿದ ತಣ್ಣನೆಯ ನೆಲ ಮೈಯ ಕಾವನ್ನು ಗಾಳಿಗಿಂತ ಬೇಗ ಎಳೆದುಕೊಳ್ಳುತ್ತದೆ.

ಇನ್ನು ಮೋಡದ ಮಾತು. ತಗಡಿನ ಶೆಡ್ಡಿನಲ್ಲಿ ಮಲಗಿದವರನ್ನು ಕೇಳಿ: ಬೆಳಗಿನ ಜಾವ ಮಳೆಯಿಲ್ಲದೆಯೇ ಮೇಲಿನಿಂದ ಹನಿ ಬೀಳುತ್ತದೆ, ಕಂಬಳಿ ಒದ್ದೆಯಾಗುತ್ತದೆ. ತಗಡು ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗಿರುತ್ತದೆ. ಹತ್ತು ಜನರ ಉಸಿರಿನ ಆವಿ ಅದಕ್ಕೆ ತಾಗಿ ನೀರಾಗುತ್ತದೆ. ಮುಗಿಲಿನಲ್ಲಿಯೂ ಹೆಚ್ಚುಕಡಿಮೆ ಇದೇ ಕ್ರಮ, ಅಲ್ಲಿ ತಗಡಿಲ್ಲ ಅಷ್ಟೆ. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ತಣಿಯುತ್ತದೆ. ಆವಿಯನ್ನು ಹಿಡಿದಿಡಲಾರದಷ್ಟು ತಣಿದಾಗ ಆ ಆವಿ ಕೂಡಲು ಒಂದು ಆಸರೆ ಬೇಕು. ಧೂಳಿನ ಕಣ, ಹೊಗೆಯ ಕಣ, ಸಮುದ್ರದ ಉಪ್ಪಿನ ಕಣ, ಯಾವುದಾದರೂ ಸರಿ. ಹಾಗೆ ಕೂಡಿದ ಹನಿ ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು. ಒಂದು ಮಳೆಹನಿಗೆ ಇಂಥವು ಹತ್ತು ಲಕ್ಷದಷ್ಟು ಬೇಕು. ಮುಠಾ ನದಿಯ ಸೇತುವೆಯ ಮೇಲೆ ಮುಂಜಾನೆ ಮಕ್ಕಳು ಕೈಚಾಚಿ ಹಿಡಿಯಹೋಗುವ ಮಂಜು ನೆಲಕ್ಕಿಳಿದ ಮೋಡವೇ. ಅದು ತಣಿಯುವುದಕ್ಕೆ ಮೇಲೇರಬೇಕಾಗಿಲ್ಲ, ನೆಲವೇ ತಣಿಸುತ್ತದೆ.

ಹೊಗೆಯ ಕಣ ಎಂದೆವು. ಚಳಿಗೆ ಬೀದಿಯ ಮೂಲೆಯಲ್ಲಿ ಟೈರು, ಪ್ಲಾಸ್ಟಿಕ್ಕು, ಕಸ ಸುಡುವ ರೂಢಿ ಇದೆ. ಶಾಂತವಾದ ರಾತ್ರಿ ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯದು ಮೇಲೂ ನಿಂತು ಮುಚ್ಚಳ ಹಾಕಿದಂತಾಗುವುದರಿಂದ ಆ ಹೊಗೆ ಮೇಲೇರದೆ ಅಲ್ಲಿಯೇ ಸುತ್ತುತ್ತದೆ; ಮಂಜು ದಟ್ಟವಾಗುತ್ತದೆ, ಮುದುಕರೂ ಕೂಸುಗಳೂ ಕೆಮ್ಮುತ್ತಾರೆ. ಇದಕ್ಕಿಂತ ಭಯಂಕರವಾದದ್ದು ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಇದ್ದಿಲ ಒಲೆಯಿಟ್ಟು ಮಲಗುವುದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಕಂಬಳಿ ಕೊಡಲು ಹೋದವರು ಈ ಒಂದು ಮಾತನ್ನು ಅವರ ಮಾತಿನಲ್ಲಿಯೇ, ಎರಡು ಸಲ ಹೇಳಿ ಬರಬೇಕೆಂದು ನಮ್ಮ ಬೇಡಿಕೆ.

ಕಂಬಳಿಯೊಂದೇ ಸಾಲದೆಂದು ಈಗ ತಮಗೆ ಹೊಳೆದಿರಬಹುದು. ಬಯಲಿನಲ್ಲಿ ಮಲಗುವವನಿಗೂ ಆಕಾಶಕ್ಕೂ ನಡುವೆ ಏನಾದರೂ ಇರಬೇಕು: ಒಂದು ಮರ, ಒಂದು ಮಾಡು, ಇಲ್ಲವೆ ದಪ್ಪನೆಯ ತಾಡಪತ್ರಿ. ಅದು ಅವನ ಪಾಲಿನ ಮೋಡ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇಬ್ಬನಿಯನ್ನು ತಡೆದೀತು, ಆದರೆ ಶಾಖದ ಬಹುಭಾಗ ಅದರ ಮೂಲಕ ದಾಟಿಹೋಗುತ್ತದೆ. ತಗಡಿನ ಶೆಡ್ಡಾದರೆ ಒಳಗಡೆ ಗೋಣಿತಟ್ಟು ಕಟ್ಟಿದರೆ ಹನಿ ಬೀಳುವುದು ಕಡಿಮೆಯಾಗುತ್ತದೆ. ಉಸಿರಿನ ಆವಿ ಹೊರಹೋಗಲು ಮೇಲೊಂದು ಕಿಂಡಿಯೂ ಬೇಕು. ಮೈಯ ಕೆಳಗೆ ಹುಲ್ಲೋ, ರಟ್ಟಿನ ಹಾಳೆಯೋ ಹಾಸಿರಬೇಕು.

ತಣ್ಣನೆಯ ಗಾಳಿ ಭಾರವಾದದ್ದು, ನೀರಿನಂತೆ ಟೇಕಡಿಗಳಿಂದ ಜಾರಿ ತಗ್ಗಿಗೆ ಇಳಿಯುತ್ತದೆ. ಲೋಹೆಗಾಂವದ ಎತ್ತರದ ಬಯಲಿಗಿಂತ ಶಿವಾಜಿನಗರ, ಪಾಷಾಣದ ಅಂಕಿಗಳು ಚಳಿಗಾಲದಲ್ಲಿ ಸಾಮಾನ್ಯವಾಗಿ ಕೆಳಗಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ನಮ್ಮ ತರುಣರು ಹೊರಡುವಾಗ ನದಿಯ ದಂಡೆಯ, ಗುಡ್ಡದ ಬುಡದ ಶೆಡ್ಡುಗಳಿಂದ ಆರಂಭಿಸಲಿ, ಡಿಸೆಂಬರ್ ಮೊದಲ ವಾರದೊಳಗೆ.