ಜಾಝ್ ಸಂಗೀತವೂ ನಮ್ಮ ಕಿವಿಯೂ
(ಬಾನುಲಿ ಭಾಷಣ)

ರಾಜಾಜಿನಗರದಲ್ಲಿ ನಮ್ಮ ಪಕ್ಕದ ಮನೆಯ ರಾಯರು ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಕಚೇರಿಗಳನ್ನು ತಪ್ಪಿಸಿದವರಲ್ಲ. ಈಚೆಗೊಂದು ಭಾನುವಾರ ನನ್ನ ಸೋದರಳಿಯ ಮಹಡಿಯ ಮೇಲೆ ಅಮೆರಿಕದ ಜಾಝ್ ಮುದ್ರಿಕೆಯೊಂದನ್ನು ಹಾಕಿ ಕೇಳುತ್ತಿದ್ದ. ರಾಯರು ಗೇಟಿನ ಬಳಿ ಬಂದು ನಿಂತರು. ಗದ್ದಲವೆಂದು ಆಕ್ಷೇಪಿಸಲು ಬಂದರೇನೋ ಎಂದು ನಾನು ಅಂಜಿದೆ. ಅವರು ಕೇಳಿದ್ದು ಬೇರೆ. “ನನ್ನ ಮೊಮ್ಮಗ ಅಮೆರಿಕದಲ್ಲಿ ಶಾಲೆಯ ಬ್ಯಾಂಡಿನಲ್ಲಿ ಇದೇ ಸ್ಯಾಕ್ಸೋಫೋನು ನುಡಿಸುತ್ತಾನಪ್ಪ. ನುಡಿಸಿದ್ದನ್ನು ನನಗೆ ಕಳಿಸುತ್ತಾನೆ. ನಾನು ‘ಚೆನ್ನಾಗಿದೆ ಮಗು’ ಅನ್ನುತ್ತೇನೆ. ಏನು ಚೆನ್ನಾಗಿದೆ ತಾತ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ.”

ಶ್ರೋತೃಗಳೆ, ಈ ಮಾತು ರಾಯರೊಬ್ಬರದಲ್ಲ. ಕಲ್ಯಾಣಿಗೂ ಶಂಕರಾಭರಣಕ್ಕೂ ಕ್ಷಣದಲ್ಲಿ ಭೇದ ಹೇಳಬಲ್ಲ ನಾವು ಜಾಝ್ ಎಂದೊಡನೆ ಕಿವಿ ಸೋತವರಂತೆ ಕೂಡುತ್ತೇವೆ. ಅದರ ಅಗತ್ಯವಿಲ್ಲವೆಂಬುದೇ ನನ್ನ ಇಂದಿನ ಅರಿಕೆ. ಕಚೇರಿಯಲ್ಲಿ ಪಳಗಿದ ಕಿವಿ ಜಾಝ್ ಮುದ್ರಿಕೆಯ ಗುಣದೋಷಗಳನ್ನು ತೂಗಬಲ್ಲುದು. ಅದಕ್ಕೆ ಒಂದು ಹಳೆಯ ಅಳತೆ ಸಾಕು, ಒಂದು ಹೊಸ ಎಚ್ಚರ ಬೇಕು.

ಮೊದಲು ಹಳೆಯ ಅಳತೆ. ನ್ಯೂಯಾರ್ಕಿನಲ್ಲಿ 1945ರ ನವೆಂಬರ್ 26ರಂದು ಚಾರ್ಲಿ ಪಾರ್ಕರ್ ಎಂಬ ಇಪ್ಪತ್ತೈದು ವರ್ಷದ ತರುಣರು ತಮ್ಮ ಸಂಗಡಿಗರೊಡನೆ ಕೆಲವು ತಟ್ಟೆಗಳನ್ನು ಮುದ್ರಿಸಿದರು. ‘ಬೀಬಾಪ್’ ಎಂದು ಹೆಸರಾದ ಶೈಲಿಯ ಮೂಲಪುರುಷರಲ್ಲಿ ಅವರೊಬ್ಬರು. ಅಂದಿನ ‘ನೌಸ್ ದ ಟೈಮ್’ ಎಂಬ ರಚನೆಯನ್ನು ಕೇಳುತ್ತ ತೊಡೆಯ ಮೇಲೆ ತಾಳ ಹಾಕಿ. ನಾಲ್ಕು ಎಣಿಕೆಗೆ ಒಂದು ಆವರ್ತ. ಅಂಥ ಹನ್ನೆರಡು ಆವರ್ತಕ್ಕೆ ರಾಗದ ಒಂದು ಸುತ್ತು ಮುಗಿಯುತ್ತದೆ. ಮೊದಲು ಎಲ್ಲರೂ ಕೂಡಿ ಮೂಲದ ಮಟ್ಟನ್ನು ನುಡಿಸುತ್ತಾರೆ. ಅದು ನಮ್ಮ ಪಲ್ಲವಿ ಎಂದುಕೊಳ್ಳಿ. ಆಮೇಲೆ ಒಬ್ಬೊಬ್ಬರೂ ಅದೇ ಹನ್ನೆರಡು ಆವರ್ತದ ಮೇಲೆ ತಮ್ಮ ಕಲ್ಪನೆಯನ್ನು ಹರಿಯಬಿಡುತ್ತಾರೆ. ಕೊನೆಗೆ ಮತ್ತೆ ಪಲ್ಲವಿ. ರಾಗಾಲಾಪನೆಯ ವಿಸ್ತಾರ ಇಲ್ಲಿಲ್ಲ. ಆದರೆ ಕಲ್ಪನಾಸ್ವರದ ಸಾಹಸ ಧಾರಾಳವಾಗಿದೆ. ಅದೇ ದಿನ ಮುದ್ರಿಸಿದ ‘ಕೋ ಕೋ’ ಎಂಬುದು ಮೂರು ನಿಮಿಷವೂ ಇಲ್ಲ. ವೇಗವೋ ಉಸಿರು ಕಟ್ಟಿಸುವಂಥದು. ನಮ್ಮ ಹಿಂದಿನ ವಿದ್ವಾಂಸರು ಮೂರು ನಿಮಿಷದ ಗ್ರಾಮಫೋನ್ ತಟ್ಟೆಯಲ್ಲಿ ರಾಗದ ಸಾರ ಹಿಂಡಿಕೊಟ್ಟದ್ದನ್ನು ಬಲ್ಲವರಿಗೆ ಈ ಸಂಕೋಚದ ಶಕ್ತಿ ಹೊಸದಲ್ಲ.

ಇನ್ನು ಹೊಸ ಎಚ್ಚರ. ನಮ್ಮಲ್ಲಿ ತಂಬೂರಿಯ ಶ್ರುತಿ ಕಚೇರಿಯುದ್ದಕ್ಕೂ ನೆಲದಂತೆ ಸ್ಥಿರ. ಜಾಝಿನಲ್ಲಿ ನೆಲವೇ ಸರಿಯುತ್ತದೆ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಸ-ಗ-ಪ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಬಳಿಕ ಮ-ದ-ಸ ಒತ್ತಿ. ಹೀಗೆ ಕೂಡುಸ್ವರಗಳು ಒಂದಾದ ಮೇಲೊಂದು ಗೊತ್ತಾದ ಕ್ರಮದಲ್ಲಿ ಬದಲಾಗುತ್ತ ಹೋಗುತ್ತವೆ. ವಾದಕ ಆಯಾ ಹೆಜ್ಜೆಗೆ ಒಪ್ಪುವ ಸ್ವರವನ್ನು ಆರಿಸಿಕೊಳ್ಳಬೇಕು. ‘ಎಲ್ಲಿ ಹೊರಟ, ಎಲ್ಲಿಗೆ ಬಂದ ತಿಳಿಯಲಿಲ್ಲ’ ಎಂದು ನಮಗನಿಸುವುದು ಇದರಿಂದಲೇ. ಅಲ್ಲಿ ರಾಗಭಾವವನ್ನು ಹುಡುಕಿದರೆ ನಿರಾಶೆಯಾದೀತು.

ಈ ಎರಡನ್ನೂ ಕೈಯಲ್ಲಿ ಹಿಡಿದು ನಮ್ಮ ನಾಡಿಗೆ ನಂಟಿರುವ ಮೂರು ಮುದ್ರಿಕೆಗಳನ್ನು ತೂಗೋಣ.

ಮೊದಲನೆಯದು ‘ಜ್ಯೋತಿ’. ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ ಪಾರ್ಕರರ ದಾರಿಯಲ್ಲೇ ಬೆಳೆದು ಹೆಸರಾದ ಸ್ಯಾಕ್ಸೋಫೋನ್ ವಾದಕರು. ನಡುವಯಸ್ಸಿನಲ್ಲಿ ನಮ್ಮ ನಾಗಸ್ವರವನ್ನು ಶಿಷ್ಯನಂತೆ ಕುಳಿತು ಕಲಿತವರು. ಬೆಂಗಳೂರಿನಲ್ಲಿ ವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜಿನ ಕಲಾವಿದರೊಡನೆ ಅವರು 1983ರಲ್ಲಿ ಜರ್ಮನಿಯಲ್ಲಿ ಈ ಮುದ್ರಿಕೆಯನ್ನು ಮಾಡಿದರು. ವಿದುಷಿ ಆರ್. ಎ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಜೊತೆಗೆ ಘಟ, ಖಂಜೀರ, ಮೋರ್ಸಿಂಗ್, ಕೊನ್ನಕೋಲು. ಪಿಯಾನೋದಂಥ ಕೂಡುಸ್ವರದ ವಾದ್ಯವಿಲ್ಲ. ಆದ್ದರಿಂದ ನೆಲ ಸರಿಯುವುದಿಲ್ಲ. ನಮ್ಮವರು ಮೊದಲು ಕೇಳಬೇಕಾದದ್ದು ಇದನ್ನೇ. ಕಂಠವೂ ಸ್ಯಾಕ್ಸೋಫೋನೂ ಒಂದೇ ಸಂಚಾರವನ್ನು ಜೊತೆಯಾಗಿ ಹಿಡಿದಾಗ ಸೊಗಸು ಹೇಳತೀರದು. ಒಂದು ಕೊರತೆಯನ್ನೂ ಹೇಳಬೇಕು: ಮರಿಯಾನೊ ಕೆಲವೆಡೆ ಅತಿಥಿಯ ಸಂಕೋಚದಿಂದ, ಪರರ ಮನೆಯ ಜಗಲಿಯ ಮೇಲೆ ಕುಳಿತವರಂತೆ ನುಡಿಸುತ್ತಾರೆ. ತಮ್ಮ ಕಸುವನ್ನು ಪೂರ್ತಿ ಬಿಚ್ಚುವುದಿಲ್ಲ.

ಎರಡನೆಯದು 2008ರ ‘ಕಿನ್ಸ್‌ಮೆನ್’, ಎಂದರೆ ನಂಟರು. ಇಬ್ಬರು ಸ್ಯಾಕ್ಸೋಫೋನ್ ವಾದಕರು ಇಲ್ಲಿ ಎದುರುಬದುರು ನಿಲ್ಲುತ್ತಾರೆ. ಒಬ್ಬರು ಬಂಟ್ವಾಳ ಸೀಮೆಯ ಸಜಿಪಮೂಡದಲ್ಲಿ ನಾಗಸ್ವರದ ಮನೆಯಲ್ಲಿ 1949ರಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮರುಳಾಗಿ, ಅದನ್ನು ಗಮಕಕ್ಕೆ ಒಗ್ಗಿಸಲು ವರ್ಷಗಟ್ಟಲೆ ದುಡಿದ ಕದ್ರಿ ಗೋಪಾಲನಾಥರು. ಅವರು ನಮ್ಮನ್ನಗಲಿದ್ದು 2019ರಲ್ಲಿ. ಇನ್ನೊಬ್ಬರು ರುದ್ರೇಶ್ ಮಹಾಂತಪ್ಪ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಬೀದಿಯ ಮನೆಯ ಫಲಕದಲ್ಲಾದರೂ ಕಾಣಬಹುದಾದ ಹೆಸರು! ಆದರೆ ಅವರು ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ. ಹೆಸರು ನೋಡಿ ಜನ ಅವರಿಗೆ ಭಾರತೀಯ ಸಂಗೀತವೆಲ್ಲ ತಿಳಿದಿದೆಯೆಂದು ಎಣಿಸುತ್ತಿದ್ದರು; ಅವರಿಗೆ ತಿಳಿದಿದ್ದುದು ಜಾಝ್. ಅಣ್ಣ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಮುದ್ರಿಕೆಯೊಂದು ಅವರ ಕಿವಿಯನ್ನು ತೆರೆಸಿತು.

ಮಹಾಂತಪ್ಪನವರ ಧ್ವನಿ ಚೂಪು, ಗೋಪಾಲನಾಥರದು ದುಂಡು. ಒಂದು ಮೆಟ್ಟಿಲೇರಿದರೆ ಇನ್ನೊಂದು ಜಾರುತ್ತದೆ. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗಗಳ ಜೊತೆಗೆ ಗಿಟಾರ್, ಡ್ರಮ್ಮು. ಪಿಯಾನೋ ಇಲ್ಲಿಯೂ ಇಲ್ಲ. ಗಿಟಾರು ಕೂಡುಸ್ವರವನ್ನು ತೆಳುವಾಗಿ ಹಾಸುತ್ತದೆ. ಎಲ್ಲರೂ ಒಮ್ಮೆಲೇ ನುಗ್ಗುವ ಕೆಲವು ಕಡೆ ಸಂತೆಯ ಗದ್ದಲವಾಗಿದೆ. ಆದರೆ ಇಬ್ಬರೂ ಸರದಿಯ ಮೇಲೆ ನುಡಿದು, ಸರದಿಯನ್ನು ಕಿರಿದು ಮಾಡುತ್ತ ಹೋಗುವಾಗ ಮೃದಂಗ-ಘಟಗಳ ತನಿ ಆವರ್ತನವೇ ನೆನಪಾಗುತ್ತದೆ. ಇಲ್ಲಿ ಯಾರೂ ಅತಿಥಿಯಲ್ಲ.

ಮೂರನೆಯದು ಮಹಾಂತಪ್ಪನವರದೇ, 2015ರ ‘ಬರ್ಡ್ ಕಾಲ್ಸ್’. ಪಾರ್ಕರರಿಗೆ ‘ಬರ್ಡ್’, ಎಂದರೆ ಹಕ್ಕಿ ಎಂಬ ಅಡ್ಡಹೆಸರು. ಅವರಿಗೆ ಸಲ್ಲಿಸಿದ ಕಾಣಿಕೆಯಾದರೂ ಅವರ ಒಂದು ಹಾಡನ್ನೂ ಇದ್ದಂತೆ ನುಡಿಸಿಲ್ಲ. ‘ಈಗಲೇ ಸಮಯ’ ಎಂಬ ಅರ್ಥದ ‘ನೌಸ್ ದ ಟೈಮ್’ ಇಲ್ಲಿ ‘ಬಹುಶಃ ಆಮೇಲೆ’ ಎಂಬ ಅರ್ಥದ ಹೆಸರು ಪಡೆದಿದೆ. ಪಾರ್ಕರರ ನಡೆಯನ್ನು ಉಳಿಸಿ ಸ್ವರಗಳನ್ನು ಬದಲಿಸಿದ್ದಾರೆ. ‘ಸ್ಟೀಪಲ್ ಚೇಸ್’ ಎಂಬ ಹಾಡು ‘ಗೋಪುರಂ’ ಆಗಿದೆ: ಇಗರ್ಜಿಯ ಶಿಖರ ನಮ್ಮ ದೇವಸ್ಥಾನದ ಗೋಪುರವಾಯಿತು! ನಮ್ಮ ವಾದ್ಯ ಒಂದೂ ಇಲ್ಲ. ಪಿಯಾನೋ, ತುತ್ತೂರಿ, ಡ್ರಮ್ಮು ಎಲ್ಲ ಅಲ್ಲಿನವೇ. ಆದರೂ ಒಂದು ಸಂಚಾರವನ್ನು ಹಿಡಿದು ಮುರಿದು ಕಟ್ಟುವ ರೀತಿಯಲ್ಲಿ ಗೋಪಾಲನಾಥರ ಸಹವಾಸ ಕೇಳಿಸುತ್ತದೆ. ಮೂರರಲ್ಲಿ ಕೇಳಲು ಕಠಿಣವಾದದ್ದು ಇದೇ. ನನ್ನ ಎಣಿಕೆಯಲ್ಲಿ ಮಿಗಿಲಾದದ್ದೂ ಇದೇ. ಕಲಿತದ್ದು ಇಲ್ಲಿ ವೇಷವಾಗಿ ಉಳಿಯದೆ ರಕ್ತಗತವಾಗಿದೆ.

ಒಂದು ಮಾತು ನಿಷ್ಠುರವಾಗಿ ಹೇಳುತ್ತೇನೆ. ರುದ್ರೇಶರ ಹೆಸರು ಕೇಳಿದೊಡನೆ ‘ನಮ್ಮವರು’ ಎಂದು ನಾವು ಉಬ್ಬುತ್ತೇವೆ. ಉಬ್ಬೋಣ, ತಪ್ಪಿಲ್ಲ. ಆದರೆ ಹೆಮ್ಮೆ ವಿಮರ್ಶೆಯಲ್ಲ. ನಮ್ಮ ಸಂಗೀತಕ್ಕೆ ಕೈಮುಗಿದರೆಂದು ಮರಿಯಾನೊರನ್ನೂ, ನಮ್ಮ ಹೆಸರಿಟ್ಟುಕೊಂಡರೆಂದು ಮಹಾಂತಪ್ಪನವರನ್ನೂ ಹೊಗಳುವುದು ಇಬ್ಬರಿಗೂ ಅನ್ಯಾಯ. ದೂರದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ನಮ್ಮ ಹೊಗಳಿಕೆಗಿಂತ ನಮ್ಮ ಕಿವಿ ಹೆಚ್ಚು ಬೇಕಾಗಿದೆ.

ರಾಯರಿಗೆ ಈ ಹನ್ನೆರಡು ಆವರ್ತದ ಲೆಕ್ಕ ಹೇಳಿಕೊಟ್ಟೆ. ಮೊನ್ನೆ ಸಂಜೆ ಗೇಟಿನ ಬಳಿ ಸಿಕ್ಕಾಗ ಅವರ ಮುಖ ಅರಳಿತ್ತು. ಮೊಮ್ಮಗ ಕಳಿಸಿದ್ದನ್ನು ತಾಳ ಹಾಕಿ ಕೇಳಿದರಂತೆ. “ಮಗು, ಹತ್ತನೆಯ ಆವರ್ತದಲ್ಲಿ ಓಡಿಬಿಟ್ಟೆ, ಅಲ್ಲಿ ಸ್ವಲ್ಪ ನಿಲ್ಲಬೇಕಿತ್ತು” ಎಂದರಂತೆ. ಆ ಕಡೆ ಹುಡುಗ ಒಂದು ಗಳಿಗೆ ಸುಮ್ಮನಾದನಂತೆ. ಆಮೇಲೆ, “ಹೌದು ತಾತ, ನಮ್ಮ ಮೇಷ್ಟರೂ ಅದನ್ನೇ ಹೇಳಿದರು” ಎಂದನಂತೆ.